ರಜೆಗೆ ಬಂದ ನೆಂಟರು, ಐದು ತಿಂಗಳ ಕೂಸು, ದುರ್ಗದ ಗಾಳಿ

ದಾವಣಗೆರೆ ಚಳಿ ಅಂಥ ದೊಡ್ಡ ಚಳಿಯೇನಲ್ಲ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ 15-16 ಡಿಗ್ರಿಗೆ ಇಳಿದದ್ದು ಮಧ್ಯಾಹ್ನಕ್ಕೆ 29ರ ಹತ್ತಿರ ಬಂದು ನಿಂತಿರುತ್ತದೆ. ಆದರೂ ಮನೆಯಲ್ಲಿ ಹಸುಗೂಸಿದ್ದರೆ ಕ್ರಿಸ್‌ಮಸ್ ರಜೆಯಿಂದ ಸಂಕ್ರಾಂತಿವರೆಗೆ ನೆಮ್ಮದಿಯಾಗಿ ಮಲಗಿದ ತಾಯಿಯನ್ನು ನಾನು ಕಂಡಿಲ್ಲ. ನನ್ನ ಪ್ರಕಾರ ಅದಕ್ಕೆ ಕಾರಣ ಚಳಿಗಿಂತ ಹೆಚ್ಚಾಗಿ ಜನ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ರಜೆಗೆ ಬರುವ ನೆಂಟರು, ಅವರ ಜೊತೆ ಮೂಗು ಸೋರುವ ಮಕ್ಕಳು, ಕೂಸಿಗೆ ಥಂಡಿ ಹಿಡಿದೀತು ಅಂತ ಒಂದರ ಮೇಲೊಂದು ಬಟ್ಟೆ ಹೇರುವ ಹಿರಿಯರು. ಎಲ್ಲರದ್ದೂ ಪ್ರೀತಿಯೇ, ಅದಕ್ಕೇ ಬೈಯೋಕೂ ಆಗುವುದಿಲ್ಲ. ಕಳೆದ ಚಳಿಗಾಲ ನನ್ನ ಎರಡನೇ ಕೂಸು, ಮಗಳಿಗೆ ಐದು ತಿಂಗಳು. ದಾವಣಗೆರೆಯ ಅತ್ತೆಮನೆಯಲ್ಲಿ ಸ್ವಲ್ಪ ದಿನ, ಚಿತ್ರದುರ್ಗದ ತವರಿನಲ್ಲಿ ಸ್ವಲ್ಪ ದಿನ ಇದ್ದೆವು.

ಬಟ್ಟೆಯಿಂದಲೇ ಶುರು ಮಾಡುತ್ತೇನೆ, ಜಗಳ ಹುಟ್ಟುವುದೇ ಅಲ್ಲಿ. ಅತ್ತೆಯವರು ಬೆಳಗ್ಗೆ ಎದ್ದ ಕೂಡಲೇ ಕೂಸಿನ ಅಂಗಾಲು ಮುಟ್ಟಿ, "ಕಾಲು ತಣ್ಣಗ ಕೊರಿಯಾಕತ್ತಾವಲ್ಲವ್ವಾ, ಇನ್ನೊಂದು ಸ್ವೆಟರ್ ಹಾಕು" ಅನ್ನುವವರು. ಸಣ್ಣ ಮಕ್ಕಳ ಕೈಕಾಲು ತಣ್ಣಗಿರುವುದು ಸಹಜ. ಬಿಸಿ ನೋಡಬೇಕಾದ್ದು ಎದೆಯ ಮೇಲೆ, ಇಲ್ಲವೇ ಕತ್ತಿನ ಹಿಂದೆ. ನಾನು ವಾದಕ್ಕೆ ಹೋಗಲಿಲ್ಲ, ಅವರ ಕೈಯನ್ನೇ ಹಿಡಿದು ಕೂಸಿನ ಕುತ್ತಿಗೆಯ ಹಿಂದೆ ಇಡಿಸಿದೆ. ಬನಿಯನ್, ಅಂಗಿ, ಸ್ವೆಟರ್, ಮೇಲೊಂದು ಶಾಲು ಸುತ್ತಿಸಿಕೊಂಡಿದ್ದ ಮಗು ಬೆವೆತು ಕೂದಲೆಲ್ಲ ಅಂಟಿಕೊಂಡಿತ್ತು. ಅತ್ತೆಯವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ತಾವೇ ಶಾಲು ಬಿಚ್ಚಿದರು. ಆಮೇಲೆ ಬಂದವರಿಗೆಲ್ಲ, "ಕಾಲು ನೋಡಬ್ಯಾಡ್ರಿ, ಕುತಿಗಿ ನೋಡ್ರಿ" ಅಂತ ಪಾಠ ಹೇಳಿದವರೂ ಅವರೇ.

ನನ್ನ ಲೆಕ್ಕ ಸುಲಭದ್ದು. ನಾವು ಹಾಕಿಕೊಂಡದ್ದಕ್ಕಿಂತ ಕೂಸಿಗೆ ಒಂದು ಪದರ ಜಾಸ್ತಿ, ಮೈಗೆ ತಾಗುವುದು ಹತ್ತಿ ಬಟ್ಟೆ, ಉಣ್ಣೆ ಏನಿದ್ದರೂ ಅದರ ಮೇಲೆ. ಬಿಸಿಲೇರಿದ ಮೇಲೆ ಸ್ವೆಟರ್ ತೆಗೆದು, ಹೊತ್ತು ಮುಳುಗುವ ಮೊದಲು ಮತ್ತೆ ಹಾಕುವುದು. ನಮ್ಮ ಕಡೆ ಬೆಳಗಿಗೂ ಮಧ್ಯಾಹ್ನಕ್ಕೂ ಇಷ್ಟು ವ್ಯತ್ಯಾಸ ಇರುವಾಗ ಬೆಳಗ್ಗೆ ತೊಡಿಸಿದ್ದನ್ನೇ ಸಂಜೆವರೆಗೆ ಬಿಡುವುದು ಕೂಸಿಗೆ ಹಿಂಸೆ. ರಾತ್ರಿ ಅಂಗಾತ ಮಲಗಿಸುತ್ತಿದ್ದೆ, ದಿಂಬಿಲ್ಲ, ಟೋಪಿಯೂ ಇಲ್ಲ. ಮಲಗಿದಾಗ ಟೋಪಿ ಜಾರಿ ಮೂಗಿನ ಮೇಲೆ ಬರುತ್ತದೆ. ಅವ್ವ ಹಳೇ ಸೀರೆಗಳಿಂದ ಹೊಲಿದ ಕೌದಿ ಹೊದಿಸುವ ಬದಲು ಅದನ್ನು ಮಡಚಿ ಬಿಗಿಯಾಗಿ ಕೆಳಗೆ ಹಾಸಿದೆ. ಮೈಗೆ ಉದ್ದ ತೋಳಿನ ದಪ್ಪ ಅಂಗಿ, ಚಡ್ಡಿ, ಕಾಲುಚೀಲ ಇದ್ದರೆ ಹೊದಿಕೆ ಇಲ್ಲದಿದ್ದರೂ ಚಿಂತೆಯಿಲ್ಲ.

ಎಣ್ಣೆ ಸ್ನಾನ ಬಿಡಲಿಲ್ಲ. ಅದರಲ್ಲಿ ನಮ್ಮ ಅಜ್ಜಿಯರದೇ ಸರಿ ಅನ್ನುವವಳು ನಾನು. ಬಿಸಿಲು ಪಡಸಾಲೆಗೆ ಬರುವ ಹೊತ್ತಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ತಿಕ್ಕಿ, ಮೊಣಕೈಯಲ್ಲಿ ನೀರಿನ ಹದ ನೋಡಿ, ಟವೆಲ್ಲು ಬಟ್ಟೆ ಎಲ್ಲ ಪಕ್ಕದಲ್ಲೇ ಇಟ್ಟುಕೊಂಡು ಬೇಗ ಮುಗಿಸುತ್ತಿದ್ದೆವು. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡಲು ಒಪ್ಪಲಿಲ್ಲ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುವುದುಂಟು. ಎದೆಗೆ ಕರ್ಪೂರ ಕರಗಿಸಿದ ಎಣ್ಣೆ ಹಚ್ಚುವುದಕ್ಕೂ ಹಾಗೇ ತಡೆದೆ, ಕರ್ಪೂರ ಮೈಗೆ ಇಳಿದು ಫಿಟ್ಸ್ ಬಂದ ಮಕ್ಕಳಿದ್ದಾರೆ. ಕೆಮ್ಮಿಗೆ ಜೇನು ನೆಕ್ಕಿಸು ಅಂದವರಿಗೆ ಒಂದು ವರ್ಷ ತುಂಬುವವರೆಗೆ ಜೇನು ಕೂಡದು ಅಂತ ಹೇಳಿದೆ. ಅದರಲ್ಲಿ ಬೊಟುಲಿಸಂ ಅನ್ನುವ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಕೂಸಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಲೋಬಾನದ ವಿಷಯದಲ್ಲಿ ಮಾತ್ರ ಅವ್ವ ಮಣಿಯಲಿಲ್ಲ. ಹೊಗೆ ಹಾಕದಿದ್ದರೆ ಅವಳ ಪಾಲಿಗೆ ಸ್ನಾನವೇ ಮುಗಿಯುವುದಿಲ್ಲ. ಕೊನೆಗೆ ದೇವರ ಕೋಣೆಯಲ್ಲಿ ಹಾಕಿಕೊ, ಕೂಸನ್ನು ಹಿತ್ತಲಿಗೆ ಕರೆದೊಯ್ಯುತ್ತೇನೆ ಅಂತ ರಾಜಿಯಾಯಿತು. ರಾತ್ರಿ ಕೋಣೆ ಬೆಚ್ಚಗಿರಲಿ ಅಂತ ಬುಟ್ಟಿಯಲ್ಲಿ ಕೆಂಡ ತಂದಿಡುವ ಮಾತಿಗೆ ಮಾತ್ರ ರಾಜಿಯೇ ಇಲ್ಲ. ಕದ ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ನೆಂಟರನ್ನು ಸಂಭಾಳಿಸುವುದು ಬೇರೆಯೇ ಕಲೆ. ಸೊಸೆ ಹೇಳಿದರೆ ಸೊಕ್ಕು, ಡಾಕ್ಟರ್ ಹೇಳಿದರೆ ಸರಿ. ಹಾಗಾಗಿ "ಡಾಕ್ಟ್ರು ಹೇಳ್ಯಾರ" ಅನ್ನುವ ಮಾತನ್ನು ಧಾರಾಳವಾಗಿ ಬಳಸಿದೆ. ಬಾಗಿಲ ಪಕ್ಕದ ನಲ್ಲಿಗೆ ಸೋಪು ಇಟ್ಟು, ಕೈ ತೊಳೆದವರಿಗೇ ಕೂಸು ಅಂದರು ಮಾವನವರು. ಅವರು ಹೇಳಿದ ಮೇಲೆ ಯಾರೂ ಎದುರಾಡಲಿಲ್ಲ. ಕೆನ್ನೆಗೆ ಮುತ್ತು ಬೇಡ, ಕಾಲುಚೀಲ ಹಾಕಿದ ಪಾದಕ್ಕೆ ಎಷ್ಟಾದರೂ ಕೊಡಿ ಅಂದೆ. ನೆಗಡಿ ಆದವರು ದೂರದಿಂದಲೇ ಆಡಿಸಲಿ. ದೊಡ್ಡವರಿಗೆ ಬರೀ ನೆಗಡಿ ಅನ್ನಿಸುವ ಆರ್‌ಎಸ್‌ವಿ ವೈರಸ್ ಸಣ್ಣ ಕೂಸಿನ ಶ್ವಾಸಕೋಶದ ಸಣ್ಣ ಕೊಳವೆಗಳಿಗೆ ಇಳಿದರೆ ಆಸ್ಪತ್ರೆ ಸೇರಬೇಕಾದೀತು.

ದುರ್ಗಕ್ಕೆ ಹೊರಟಿದ್ದು ಬಿಸಿಲಿರುವಾಗಲೇ. ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ದೂರವೇನಲ್ಲ. ಆದರೆ ದುರ್ಗದ ಗಾಳಿಯ ಬಗ್ಗೆ ಹೇಳಬೇಕೇ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆಯೇ? ಬ್ಯಾಗಿನಲ್ಲಿ ತಾಯಿ ಕಾರ್ಡ್, ಥರ್ಮಾಮೀಟರ್, ಸಲೈನ್ ಅಂದರೆ ಉಪ್ಪುನೀರಿನ ಮೂಗಿನ ಹನಿ, ಕೂಸಿನ ತೂಕ ನೋಡಿ ಡಾಕ್ಟರ್ ಬರೆದುಕೊಟ್ಟ ಪ್ಯಾರಾಸಿಟಮಾಲ್ ಲೆಕ್ಕ ಇದ್ದವು. 14ನೇ ವಾರದ ಲಸಿಕೆ ಮುಗಿದಿದ್ದರಿಂದ ನಾನೂ ಸ್ವಲ್ಪ ಧೈರ್ಯವಾಗಿದ್ದೆ. ಎಲ್ಲರೂ ಕೋಟೆ ಹತ್ತಲು ಹೋದಾಗ ನಾನು ಕೂಸಿನ ಜೊತೆ ಮನೆಯಲ್ಲೇ ಉಳಿದೆ, ಬೇಜಾರೇನೂ ಆಗಲಿಲ್ಲ.

ಇಷ್ಟೆಲ್ಲ ಮಾಡಿಯೂ ನೆಗಡಿ ಬಂತು, ಹಿರಿಯ ಮಗನಿಂದ. ಮೂಗು ಕಟ್ಟಿದ ಕೂಸು ಮೊಲೆಗೆ ಬಾಯಿ ಹಾಕುತ್ತದೆ, ಉಸಿರು ಸಿಗದೆ ಬಿಡುತ್ತದೆ, ಅಳುತ್ತದೆ. ಪ್ರತಿ ಸಲ ಹಾಲು ಕೊಡುವ ಮೊದಲು ಎರಡೂ ಹೊಳ್ಳೆಗೆ ಸಲೈನ್ ಹನಿ ಬಿಟ್ಟು, ಸ್ವಲ್ಪ ತಡೆದು, ಕರಗಿ ಬಂದದ್ದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಂದೇ ಸಲ ಹೊಟ್ಟೆ ತುಂಬಿಸದೆ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸಿದೆ. ಬಿಸಿನೀರು ಕುಡಿಸು ಅಂದವರಿದ್ದರು, ಆರು ತಿಂಗಳವರೆಗೆ ಎದೆಹಾಲೇ ನೀರು, ಎದೆಹಾಲೇ ಔಷಧ. ಕೆಮ್ಮಿನ ಸಿರಪ್ ತರಲು ಹೊರಟ ಮನೆಯವರನ್ನೂ ತಡೆದೆ. ನೆಗಡಿಗೆ ಕೊಡುವ ಕ್ಲೋರ್ಫೆನಿರಮಿನ್-ಫಿನೈಲೆಫ್ರಿನ್ ಜೋಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದ್ದಾರೆ.

ನಿಜವಾಗಿ ಕಾಯಬೇಕಾದ್ದು ಉಸಿರನ್ನು. ಕೂಸು ಮಲಗಿದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಮೊಬೈಲ್ ಗಡಿಯಾರ ಇಟ್ಟುಕೊಂಡು ಪೂರಾ ಒಂದು ನಿಮಿಷ ಎಣಿಸುತ್ತಿದ್ದೆ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಲೆಕ್ಕ ತಪ್ಪುತ್ತದೆ, ಕೂಸುಗಳು ಒಂದೇ ಸಮನೆ ಉಸಿರಾಡುವುದಿಲ್ಲ. ಎರಡು ತಿಂಗಳಿಂದ ಒಂದು ವರ್ಷದವರೆಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚಾದರೆ, ಪಕ್ಕೆ ಒಳಕ್ಕೆ ಎಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗುವುದು. ಮೂರು ತಿಂಗಳೊಳಗಿನ ಕೂಸಾದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೊಂದೇ ಸಾಕು. ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲ, ಮೂಗಿನಲ್ಲೇ ಮುಗಿಯಿತು.

ಸಂಕ್ರಾಂತಿ ಹೊತ್ತಿಗೆ ಕೂಸಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಬಾರೆಹಣ್ಣು ಎರೆಯುವ ಶಾಸ್ತ್ರ ಬಿಡಲು ಅತ್ತೆಯವರಿಗೆ ಮನಸ್ಸಿಲ್ಲ, ನನಗೂ ಇರಲಿಲ್ಲ. ಹಣ್ಣು, ಕಬ್ಬಿನ ತುಂಡು, ಮಂಡಕ್ಕಿ ತಲೆಯಿಂದ ಉರುಳುತ್ತಿದ್ದಂತೆ ನಾನು ಕೂಸನ್ನು ಎತ್ತಿಕೊಂಡೆ. ಅಕ್ಕಪಕ್ಕದ ಮಕ್ಕಳು ಆರಿಸಿಕೊಂಡ ಮೇಲೆ ಮನೆಯವರು ಪೊರಕೆ ಹಿಡಿದು ಮಂಚದ ಕೆಳಗೂ ಗುಡಿಸಿದರು. ಎಳ್ಳುಬೆಲ್ಲದ ಹುರಿಗಡಲೆ, ಶೇಂಗಾ, ಕೊಬ್ಬರಿ ಚೂರು ಸಣ್ಣ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಳತೆಯವೇ. ಬೀರಲು ಬಂದ ಪೊಟ್ಟಣಗಳೆಲ್ಲ ಆ ವರ್ಷ ನಮ್ಮ ಮನೆಯ ಅಟ್ಟದ ಮೇಲೆ ಕೂತವು, ಹಿರಿಯ ಮಗ ಸ್ಟೂಲು ಹಾಕಿ ಇಳಿಸಿಕೊಳ್ಳುವವರೆಗೆ.