ಮೂರನೆಯ ಡೋಸ್ ದೀಪಾವಳಿಗೆ ಬರುವಂತೆ

ಬಾಗಲಕೋಟೆ ಜಿಲ್ಲೆಯಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮದ ಕ್ಷೇತ್ರ ಕಾರ್ಯಕರ್ತೆಯಾಗಿ ಹಲವು ವರ್ಷ ಓಡಾಡಿದ್ದೇನೆ. ನನ್ನ ಪಾಲಿನ ಕೆಲಸ ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ನಡುವೆ. ಕಾಂಡೋಮ್ ಹಂಚಿಕೆ, ಮೂರು ತಿಂಗಳಿಗೊಮ್ಮೆ ವೈದ್ಯರ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ನಮಗೆ ರೂಢಿಯಾಗಿ ಹೋಗಿದ್ದವು. ಹೆಪಟೈಟಿಸ್ ಬಿ ಲಸಿಕೆಯೂ ಸೇರಿಕೊಂಡಾಗ ಮಾತ್ರ ಲೆಕ್ಕಾಚಾರವೆಲ್ಲ ಬದಲಾಯಿತು.

ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ವೈರಸ್ ಸೋಂಕು. ಅದು ಹರಡುವುದೂ ಎಚ್‌ಐವಿಯ ದಾರಿಯಲ್ಲೇ: ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗುವಿಗೆ. ಅಂಟುವ ವೇಗ ಎಚ್‌ಐವಿಗಿಂತ ಬಹಳ ಹೆಚ್ಚು. ಆದರೆ ಇದಕ್ಕೆ ಲಸಿಕೆಯಿದೆ, ಅದಕ್ಕಿಲ್ಲ. ಇವತ್ತಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಹಾಕುತ್ತಾರೆ. ನಮ್ಮ ಹೆಣ್ಣುಮಕ್ಕಳು ಹುಟ್ಟಿದ ಕಾಲಕ್ಕೆ ಅದು ಹಳ್ಳಿಗೆ ಬಂದೇ ಇರಲಿಲ್ಲ. ಮೊದಲು ರಕ್ತ ಪರೀಕ್ಷೆ. ಸೋಂಕು ಇಲ್ಲದಿದ್ದರೆ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು.

ಆರನೆಯ ತಿಂಗಳು ಎಂದಾಗಲೇ ನನಗೆ ದಾರಿ ಹೊಳೆದದ್ದು. ಎಚ್‌ಐವಿ ಪರೀಕ್ಷೆಗೂ ಅದೇ ಅವಧಿಯಲ್ಲವೇ! ಪರೀಕ್ಷೆಯ ದಿನವೇ ಮೊದಲ ಡೋಸ್ ಕೊಟ್ಟರೆ, ಮುಂದಿನ ಪರೀಕ್ಷೆಯ ದಿನ ಮೂರನೆಯದು ತಾನಾಗಿ ಕೂಡಿ ಬರುತ್ತದೆ. ಬೇರೆ ಕರೆಯಬೇಕಾದದ್ದು ಎರಡನೆಯದಕ್ಕೆ ಮಾತ್ರ. ಕಾಗದದ ಮೇಲೆ ಚೆಂದವಾಗಿತ್ತು. ಶ್ರಾವಣದಲ್ಲಿ ಶುರು ಮಾಡೋಣವೆಂದೆ. ನಮ್ಮ ಪೀರ್ ಎಜುಕೇಟರ್ (ತಮ್ಮವರಿಗೆ ತಾವೇ ತಿಳಿಹೇಳುವ ಕಾರ್ಯಕರ್ತೆ) ಒಬ್ಬರು, ಅದೇ ವೃತ್ತಿಯಲ್ಲಿ ಮುಕ್ಕಾಲು ಜನ್ಮ ಕಳೆದವರು, ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಬೆರಳಿಟ್ಟು ತೋರಿಸಿದರು: "ಮೇಡಂ, ಆರು ತಿಂಗಳೆಂದರೆ ಭಾರತ ಹುಣ್ಣಿಮೆ. ಎಲ್ಲರೂ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗಿರುತ್ತಾರೆ, ನೀವು ಯಾರಿಗೆ ಚುಚ್ಚುತ್ತೀರಿ?"

ಕೊನೆಗೆ ವೈಶಾಖ ನಿಗದಿಯಾಯಿತು. ಆಗ ಶುರುವಾದರೆ ಮೂರನೆಯದು ದೀಪಾವಳಿಯ ಸುತ್ತಮುತ್ತ. ಸಾಂಗ್ಲಿ, ಮಿರಜ್, ಪುಣೆಯ ಕಡೆ ದುಡಿಯಲು ಹೋದವರೂ ಹಬ್ಬಕ್ಕೆ ಊರಿಗೆ ಬರುತ್ತಾರೆ. ಯಾವ ತರಬೇತಿಯಲ್ಲೂ ನನಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಸಮುದಾಯದ ಸಹಭಾಗಿತ್ವ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ಬೇಸತ್ತಿದ್ದೆ. ಅದು ಕೆಲಸಕ್ಕೆ ಬಂದದ್ದನ್ನು ಕಂಡಿದ್ದು ಆ ಕ್ಯಾಲೆಂಡರಿನ ಮುಂದೆ.

ಇನ್ನು ಕಾರ್ಡಿನ ವಿಷಯ. ಸಂಸ್ಥೆಯ ಹೆಸರು, ಎಚ್‌ಐವಿ ಕಾರ್ಯಕ್ರಮದ ಗುರುತಾದ ಕೆಂಪು ರಿಬ್ಬನ್ ಅಚ್ಚಾದ ಕಾರ್ಡನ್ನು ಯಾವ ಹೆಣ್ಣುಮಗಳು ಮನೆಯಲ್ಲಿ ಇಟ್ಟುಕೊಂಡಾಳು? ಅತ್ತೆ ಕಂಡರೆ, ಮಗ ಓದಿದರೆ ಮುಗಿಯಿತು. ಬಿಳಿ ಕಾರ್ಡಿನ ಮೇಲೆ "ಕಾಮಾಲೆ ಲಸಿಕೆ" ಎಂದಷ್ಟೇ ಬರೆದು, ಮೂರು ತಾರೀಖು ಹಾಕಿ, ಹೆಸರಿನ ಬದಲು ನಮ್ಮ ರಿಜಿಸ್ಟರಿನ ಕ್ರಮಸಂಖ್ಯೆ ನಮೂದಿಸಿದೆವು. ಎಚ್‌ಐವಿ ಫಲಿತಾಂಶ ಆ ಕಾರ್ಡಿನ ಹತ್ತಿರವೂ ಸುಳಿಯುವಂತಿರಲಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಹೊರಗೆ ಬಿಡಬಾರದು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಒಬ್ಬಳ ಗುಟ್ಟು ರಟ್ಟಾದರೆ ಆ ಓಣಿಯಲ್ಲಿ ನಮಗೆ ಬಾಗಿಲು ತೆರೆಯುವವರು ಇರುವುದಿಲ್ಲ.

ಶಿಬಿರದ ಹೊತ್ತು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ. ಸಂಜೆ ಅವರ ದುಡಿಮೆಯ ಸಮಯ. ಲಸಿಕೆ ತರುವುದು ಆಸ್ಪತ್ರೆಯ ಸಿಸ್ಟರ್. ಬಿಸಿಲಿನ ಊರಲ್ಲಿ ಎಲ್ಲರೂ ಲಸಿಕೆ ಬಿಸಿಯಾದೀತೆಂದು ಹೆದರುತ್ತಾರೆ. ಆದರೆ ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಸಿಸ್ಟರ್ ಐಸ್‌ಪ್ಯಾಕ್‌ಗಳನ್ನು ಫ್ರೀಜರಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ನೀರು ಕುಲುಕಿದ ಸದ್ದು ಬಂದ ಮೇಲೆಯೇ ಲಸಿಕೆ ಒಯ್ಯುವ ಕ್ಯಾರಿಯರಿಗೆ ಜೋಡಿಸುತ್ತಿದ್ದರು. ಎರಡರಿಂದ ಎಂಟು ಡಿಗ್ರಿ, ಅಷ್ಟೇ ಅದರ ಜಾಗ.

ಎಚ್‌ಐವಿ ಇರುವವರಿಗೂ ಈ ಲಸಿಕೆ ಬೇಕು. ಎಷ್ಟು ಡೋಸ್ ಎಂಬುದನ್ನು ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದ ವೈದ್ಯರು ನಿರ್ಧರಿಸುತ್ತಾರೆ. ಎರಡೂ ಸೋಂಕು ಇರುವವರಿಗೆ ನಾನು ಒತ್ತಿ ಹೇಳುತ್ತಿದ್ದುದು ಒಂದೇ: ಎಆರ್‌ಟಿ ಮಾತ್ರೆ ಬಿಡಬೇಡಿ. ಅದರಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎರಡೂ ವೈರಸ್‌ಗಳನ್ನು ಹತ್ತಿಕ್ಕುತ್ತವೆ. ಏಕಾಏಕಿ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಕೆರಳಬಹುದು.

ಹಬ್ಬಕ್ಕೂ ಬಾರದವರು ಇದ್ದೇ ಇರುತ್ತಾರೆ. ಡೋಸ್ ತಡವಾದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ಉಳಿದದ್ದನ್ನು ಹಾಕಿಸಿಕೊಂಡರೆ ಸಾಕು. ಇದನ್ನು ಹೇಳದಿದ್ದರೆ ಬೈಸಿಕೊಳ್ಳುವ ಅಂಜಿಕೆಗೇ ದೂರ ಉಳಿಯುತ್ತಾರೆ. ಅವರಿಗೆ ಫೋನ್ ಮಾಡುವುದು ನಾನಲ್ಲ, ಪೀರ್ ಅಕ್ಕ. ಫೋನನ್ನು ಬೇರೆ ಯಾರಾದರೂ ಎತ್ತಿಕೊಂಡರೆ, "ಸಂಘದ ಮೀಟಿಂಗ್ ಇದೆ, ಪಾಸ್‌ಬುಕ್ ತರಲು ಹೇಳಿ" ಎಂದು ಇಡುತ್ತಾರೆ. ಪಾಸ್‌ಬುಕ್ ಎಂದರೆ ಆ ಬಿಳಿ ಕಾರ್ಡು.