ಕಾಗೆ ಎಣಿಸಲು ದುರ್ಬೀನು ಯಾಕೆ?

“ಯವ್ವಾ, ಕಾಗಿ ಎಣಸಾಕ ದುರ್ಬೀನ ಯಾಕ ಬೇಕ?”

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಗಿಡಗಳಿಗೆ ನೀರು ಬಿಡುವ ಕಾಕಾ ಕೇಳಿದ್ದು ಇದು. ಅವರು ಇಂಡಿ ಕಡೆಯವರು, ನಾನು ಧಾರವಾಡದವಳು. ಪರ ಊರಲ್ಲಿ ಕನ್ನಡದಲ್ಲಿ ತಮಾಷೆ ಮಾಡಿಸಿಕೊಳ್ಳುವುದೂ ಒಂದು ಖುಷಿ. ದುರ್ಬೀನು ಬೇಕಿರಲಿಲ್ಲ, ನಿಜ. ಆದರೆ ಕಾಗೆಯನ್ನು ಎಣಿಸಲೇಬೇಕಿತ್ತು. ಅದು ತಿಳಿದದ್ದು ಒಂದು ವರ್ಷ ಎಡವಿದ ಮೇಲೆ.

ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಜಾಗತಿಕ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ ಇದಕ್ಕೆ ಸೇರಿದ್ದು 2013ರಲ್ಲಿ. ಅದೇ ದಿನಗಳಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ಆವರಣಗಳಲ್ಲೂ ಎಣಿಕೆ ಮಾಡುತ್ತಾರೆ. ಕೆಲಸ ಸುಲಭ: ಕನಿಷ್ಠ 15 ನಿಮಿಷ ಹಕ್ಕಿ ನೋಡಬೇಕು, ಯಾವುದು ಎಷ್ಟು ಕಂಡಿತು ಅಂತ ಇ-ಬರ್ಡ್ ಆ್ಯಪ್‌ನಲ್ಲಿ ಬರೆಯಬೇಕು.

ಮೊದಲ ವರ್ಷ ನಾನು ಬರೆದದ್ದು ಬರೀ ಚೆಂದದ ಹಕ್ಕಿಗಳನ್ನು. ಹಳೆಯ ಆಲದ ಮರದಲ್ಲಿ ಬೂದು ಮಂಗಟ್ಟೆ ಜೋಡಿ, ಅತ್ತಿ ಮರದಲ್ಲಿ ಕಂಚುಗಾರ ಹಕ್ಕಿ. (ಮರಾಠಿಯಲ್ಲಿ ಅದು ತಾಂಬಟ್. ಪುಣೆಯ ಕಸಬಾ ಪೇಟೆಯಲ್ಲಿ ತಾಮ್ರದ ಕೆಲಸದವರ ತಾಂಬಟ್ ಆಳಿ ಇದೆ. ಅಲ್ಲಿ ಒಮ್ಮೆ ನಡೆದು ನೋಡಿ, ಹಕ್ಕಿಗೆ ಆ ಹೆಸರು ಯಾಕೆ ಬಂತು ಅಂತ ಕಿವಿಗೇ ಗೊತ್ತಾಗುತ್ತದೆ.) ಕಾಗೆ, ಪಾರಿವಾಳ, ಗೊರವಂಕ? ಅವನ್ನು ಯಾರು ಬರೀತಾರೆ ಅಂತ ಬಿಟ್ಟೆ. ಕೊನೆಗೆ ಆ್ಯಪ್ ಕೇಳಿತು: ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಸುಮ್ನೆ ‘ಹೌದು’ ಒತ್ತಿದೆ.

ಇದರ ಅರ್ಥ ಏನಾಯಿತು ಗೊತ್ತಾ? ಆ ಬೆಳಿಗ್ಗೆ ಅಲ್ಲಿ ಒಂದೂ ಕಾಗೆ ಇರಲಿಲ್ಲ ಅಂತ! ನೂರು ಪೂರ್ತಿ ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ ಎಂಬುದನ್ನು ನೋಡಿಯೇ ಅದು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಬರೆಯದೆ ಬಿಟ್ಟದ್ದೂ ಒಂದು ಮಾಹಿತಿ. ಇಂಥ ಪಟ್ಟಿಗಳಿಂದಲೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳ ಸ್ಥಿತಿ ನೋಡಿದ್ದು. ಕೋಗಿಲೆ ಹೆಚ್ಚುತ್ತಿದೆ, ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಇಳಿಯುತ್ತಿದೆ ಎಂದು ಗೊತ್ತಾದದ್ದು ಹಾಗೆ. ನೀಲಕಂಠವೂ ಒಂದು ಕಾಲಕ್ಕೆ ತಂತಿಯ ಮೇಲೆ ದಿನಾ ಕಾಣುತ್ತಿದ್ದ ಹಕ್ಕಿಯೇ ಅಲ್ವಾ?

ನನ್ನ ಹಳೆಯ ಪಟ್ಟಿ ತೆರೆದು, ಆ್ಯಪ್‌ನ ಆ ಪ್ರಶ್ನೆಗೆ ಒತ್ತಿದ್ದ ‘ಹೌದು’ ಅನ್ನು ‘ಇಲ್ಲ’ ಅಂತ ತಿದ್ದಿದೆ. ನೆನಪಿನಿಂದ ಕಾಗೆಗಳನ್ನು ಸೇರಿಸಲು ಮನಸ್ಸು ಒಪ್ಪಲಿಲ್ಲ.

ಈಗ ನನ್ನ ಕ್ರಮ ಬೇರೆ. ಏಳು ಗಂಟೆಗೆ ಶುರು, ಅದೇ ದಾರಿ, ನಿಂತು ನೋಡುವ ನಾಲ್ಕು ಜಾಗ, ಜಾಗಕ್ಕೊಂದು ಪಟ್ಟಿ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ನಾನೇ ಕೇಳಿ ಗುರುತಿಸದೆ ಬರೆಯುವುದಿಲ್ಲ. ಎಲೆಗಳ ನಡುವೆ ಚಡಪಡಿಸುವ ಉಲಿಯಕ್ಕಿಗಳಲ್ಲಿ ಅರ್ಧದಷ್ಟು ನನಗೆ ಇನ್ನೂ ‘ಯಾವುದೋ ಉಲಿಯಕ್ಕಿ’. ಹಾಗೇ ಬರೆಯಲೂ ಅವಕಾಶವಿದೆ, ನಾಚಿಕೆ ಬೇಡ.

ಕಷ್ಟವಾದದ್ದು ಗುಂಪು ಎಣಿಸುವುದು. ಹೂಬಿಟ್ಟ ಬೂರುಗದ ಮರಕ್ಕೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂತು. ಹತ್ತು ಹಕ್ಕಿ ಎಣಿಸಿ, ಅಷ್ಟಗಲದ ಜಾಗ ಮರದಲ್ಲಿ ಎಷ್ಟಿದೆ ಅಂತ ಅಳೆಯುವಷ್ಟರಲ್ಲಿ ಹಿಂಡೆಲ್ಲ ಹಾರಿತು. ಎಂಬತ್ತು ಬರೆದೆ. ಕಾಕಾ ಪೈಪು ಹಿಡಿದೇ ನೋಡಿ, “ಇವು ನಮ್ಮ ಜ್ವಾಳದ ಹೊಲಾ ಖಾಲಿ ಮಾಡೂ ಹಕ್ಕಿ” ಅಂದರು. ಮಧ್ಯ ಏಷ್ಯಾದಿಂದ ಬರುತ್ತವೆ ಅಂದೆ. “ಎಲ್ಲಿಂದರೆ ಬರ್ಲಿ, ತಿನ್ನೂದು ನಮ್ಮದಽ.”

ಆಮೇಲೆ ಅವರೇ ಬೇಲಿ ಕಡೆ ಕೈ ಮಾಡಿದರು: “ಅಲ್ನೋಡ, ಕೆಂಬೂತ.” ನಮ್ಮಲ್ಲಿ ನವಿಲನ್ನು ನೋಡಿ ಪುಕ್ಕ ಕೆದರಿಕೊಂಡು ಗಾದೆಯಲ್ಲಿ ನಗೆಪಾಟಲಾದ ಹಕ್ಕಿ. ನನ್ನ ಜೊತೆಗಿದ್ದ ಮರಾಠಿ ಗೆಳತಿಗೆ ಅದು ಭಾರದ್ವಾಜ, ಕಂಡರೆ ಶುಭ. ಅವಳು ಕೈ ಮುಗಿದಳು, ಕಾಕಾ ನಕ್ಕರು. ನಾನು ಕೆಂಬೂತದ ಮುಂದೆ ‘1’ ಬರೆದು, ಕಾಗೆ ಎಣಿಸಲು ತಿರುಗಿದೆ.