ಪಿಕಪ್‌ನ ಗೇರ್ ಎಣ್ಣೆಯನ್ನು ಅಂಗಳದಲ್ಲೇ ಬದಲಾಯಿಸಿದ್ದು

ಮಲ್ಪೆಯಿಂದ ಮೀನು ಸಾಗಿಸುವ ನಮ್ಮ ಪಿಕಪ್‌ನ ಎರಡನೇ ಗೇರ್ ಈ ಮಳೆಗಾಲದ ಕೊನೆಗೆ ಬಹಳ ಬಿಗಿಯಾಗಿ ಬೀಳುತ್ತಿತ್ತು. ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಮೊದಲು ಎಣ್ಣೆ ತುಂಬುವ ಪ್ಲಗ್ಗನ್ನೇ ಸಡಿಲಿಸಿದೆ. ಅದು ತುಕ್ಕು ಹಿಡಿದು ಬಿಚ್ಚಲು ಬಾರದಿದ್ದರೆ, ಖಾಲಿ ಮಾಡಿದ ಗೇರ್‌ಬಾಕ್ಸಿಗೆ ಮತ್ತೆ ಎಣ್ಣೆ ಹಾಕುವ ದಾರಿಯೇ ಇರುವುದಿಲ್ಲ. ಆಮೇಲೆ ಎಣ್ಣೆ ಇಳಿಸುವ ಡ್ರೈನ್ ಪ್ಲಗ್ಗನ್ನು ಬಿಚ್ಚಿದೆ. ಇಳಿದ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿತ್ತು, ಅಂದರೆ ಒಳಗೆ ನೀರು ಸೇರಿತ್ತು. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ್ದು ನುಣ್ಣನೆಯ ಕಪ್ಪು ಕೆಸರು ಮಾತ್ರ. ಲೋಹದ ಚೂರುಗಳಿದ್ದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದೆ. ನೀರು ನುಗ್ಗಿದ್ದು ಮುಚ್ಚಳ ಕಳಚಿದ್ದ ಬ್ರೀದರ್, ಅಂದರೆ ಗೇರ್‌ಬಾಕ್ಸಿಗೆ ಗಾಳಿಯಾಡಲು ಇರುವ ಸಣ್ಣ ದಾರಿಯ ಮೂಲಕ. ಅದಕ್ಕೆ ಹೊಸ ಮುಚ್ಚಳ ಹಾಕಿ, ಕೈಪಿಡಿಯಲ್ಲಿ ಸೂಚಿಸಿದ ಜಿಎಲ್-4 ದರ್ಜೆಯ ಎಣ್ಣೆಯನ್ನು, ತುಂಬುವ ಪ್ಲಗ್ಗಿನ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಿಸಿದೆ. ಗೇರ್ ಈಗ ಸಲೀಸಾಗಿ ಬೀಳುತ್ತದೆ. ಒಳಗೆ ಉಳಿದಿರಬಹುದಾದ ನೀರಿನ ಅಂಶಕ್ಕಾಗಿ ಇನ್ನೊಮ್ಮೆ ಬೇಗನೆ ಎಣ್ಣೆ ಬದಲಿಸುವವನಿದ್ದೇನೆ.